ಊಟ, ನಿದ್ದೆ, ನಡಿಗೆ, ಕೆಲಸ: ಯಾರ್ಕ್‌ನ ರಿಟ್ರೀಟ್ ಮತ್ತು ಅದರ ದಿನಚರಿ

ಉತ್ತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಕೋಟೆಗೋಡೆಯ ಹೊರಗೆ, ಒಂದು ದಿಬ್ಬದ ಮೇಲೆ, 1796ರಲ್ಲಿ ಮನೋರೋಗಿಗಳಿಗಾಗಿ ಒಂದು ಮನೆ ತೆರೆಯಿತು. ಹೆಸರು ‘ರಿಟ್ರೀಟ್’. ಕಟ್ಟಿಸಿದವರು ಕ್ವೇಕರರು: ಮೌನವಾಗಿ ಕುಳಿತು ಪ್ರಾರ್ಥಿಸುವ, ಉಡುಗೆ ತೊಡುಗೆಯಲ್ಲಿ ಆಡಂಬರ ಒಲ್ಲದ ಒಂದು ಸಣ್ಣ ಕ್ರೈಸ್ತ ಪಂಗಡದವರು. ಅಲ್ಲಿ ಜಾಗ ಇದ್ದದ್ದು ಸುಮಾರು ಮೂವತ್ತು ಮಂದಿಗೆ. ಇಷ್ಟು ಚಿಕ್ಕ ಸಂಸ್ಥೆಯ ಹೆಸರು ಮನೋವೈದ್ಯದ ಚರಿತ್ರೆಯಲ್ಲಿ ಉಳಿದದ್ದು ಅಲ್ಲಿ ಕಂಡುಹಿಡಿದ ಯಾವ ಔಷಧದಿಂದಲೂ ಅಲ್ಲ. ಹೊಟ್ಟೆ ತುಂಬ ಊಟ, ಬಿಸಿನೀರಿನ ಸ್ನಾನ, ಬಯಲಲ್ಲಿ ನಡಿಗೆ, ಕೈಗೊಂದು ಕೆಲಸ, ರಾತ್ರಿ ನಿದ್ದೆ ಇವನ್ನು, ಬುದ್ಧಿ ಕೆಟ್ಟವರೆಂದು ಲೋಕ ಕೈಬಿಟ್ಟವರಿಗೆ ತಪ್ಪದೆ ಕೊಟ್ಟು, ಏನಾಗುತ್ತದೆಂದು ನೋಡಿ, ನೋಡಿದ್ದನ್ನು ಬರೆದಿಟ್ಟದ್ದರಿಂದ.

ದೇಹದ ಅಭ್ಯಾಸಕ್ಕೂ ಮನಸ್ಸಿನ ನೆಮ್ಮದಿಗೂ ನಂಟಿದೆ ಎಂಬ ತಿಳಿವಳಿಕೆಯೇನೋ ಬಹಳ ಹಳೆಯದು. ಎರಡನೆಯ ಶತಮಾನದ ವೈದ್ಯ ಗೇಲನ್‌ನ ಪರಂಪರೆ ಆರೋಗ್ಯವನ್ನು ಆರು ಸಂಗತಿಗಳ ಮೇಲೆ ನಿಲ್ಲಿಸಿತ್ತು: ಗಾಳಿ, ಅನ್ನಪಾನ, ನಿದ್ದೆ-ಎಚ್ಚರ, ಚಲನೆ-ವಿಶ್ರಾಂತಿ, ಮಲಮೂತ್ರಾದಿ ವಿಸರ್ಜನೆ, ಮನೋವಿಕಾರ. ಮನೋವಿಕಾರಗಳನ್ನು ಊಟ ನಿದ್ದೆಗಳ ಸಾಲಿನಲ್ಲೇ ಕೂರಿಸಿದ ಈ ಪಟ್ಟಿ ಯುರೋಪಿನಲ್ಲೂ ಅರಬ್ ವೈದ್ಯರಲ್ಲೂ ಸಾವಿರ ವರ್ಷಕ್ಕೂ ಮೀರಿ ಬಾಳಿತು. ಇತ್ತ ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯೆ. ಬ್ರಾಹ್ಮೀಮುಹೂರ್ತದಲ್ಲಿ ಏಳುವುದು, ಎಣ್ಣೆ ಒತ್ತಿಕೊಳ್ಳುವುದು, ಅರ್ಧ ಶಕ್ತಿ ಉಳಿಯುವಷ್ಟೇ ವ್ಯಾಯಾಮ ಮಾಡುವುದು, ಸ್ನಾನ, ಇವುಗಳ ಬೆನ್ನಿಗೇ ಅಲ್ಲಿ ಮಾತಿನ, ನಡತೆಯ ನಿಯಮಗಳೂ ಬರುತ್ತವೆ.

ಆದರೆ ಇವೆಲ್ಲ ನೆಟ್ಟಗಿರುವವರು ನೆಟ್ಟಗೇ ಇರಲು ಹೇಳಿದ ಕ್ರಮಗಳು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬುದ್ಧಿ ಕೆಟ್ಟವರಿಗೆ ಸಿಗುತ್ತಿದ್ದ ಕ್ರಮವೇ ಬೇರೆ. ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ ಪ್ರತಿವರ್ಷ ಚಳಿ ಕಳೆದು ಬೆಚ್ಚಗಾದ ಮೇಲೆ ರೋಗಿಗಳ ರಕ್ತ ತೆಗೆಯುತ್ತಿದ್ದರು. ಆಮೇಲೆ ವಾಂತಿಯ ಔಷಧ, ಅದರ ಮೇಲೆ ಭೇದಿಯ ಔಷಧ. ಯಾರಿಗೆ ಏನಾಗಿದೆ ಎಂದು ಬಿಡಿಬಿಡಿಯಾಗಿ ನೋಡುವ ಗೋಜಿಲ್ಲ, ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ. ಅಲ್ಲಿನ ವೈದ್ಯ ಥಾಮಸ್ ಮನ್ರೋ 1815ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಇದನ್ನು ಒಪ್ಪಿಕೊಂಡ. ತನ್ನ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ, ಇದಕ್ಕಿಂತ ಮೇಲಾದದ್ದು ತನಗೆ ತಿಳಿಯದು ಎಂಬುದಷ್ಟೇ ಅವನ ಸಮಜಾಯಿಷಿ. ಹುಚ್ಚು ಹಿಡಿದವರಿಗೆ ಚಳಿ, ಹಸಿವು, ನೋವು ತಟ್ಟುವುದಿಲ್ಲ ಎಂಬ ನಂಬಿಕೆಯೂ ಆಗ ಇತ್ತು. ಹೊದಿಕೆ ಕೊಡದಿರಲು, ಅನ್ನ ಕಡಿಮೆ ಹಾಕಲು ಅದು ಒಳ್ಳೆಯ ನೆಪವಾಗಿತ್ತು.

ರಿಟ್ರೀಟ್ ಹುಟ್ಟಿದ್ದು ಒಂದು ಸಾವಿನಿಂದ. ಯಾರ್ಕ್‌ನಲ್ಲಿ 1777ರಿಂದಲೇ ಒಂದು ಭರ್ಜರಿ ಕಟ್ಟಡದಲ್ಲಿ ಮನೋರೋಗಿಗಳ ಆಸ್ಪತ್ರೆ ನಡೆಯುತ್ತಿತ್ತು. ಲೀಡ್ಸ್‌ನ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ವಿಧವೆಯನ್ನು 1790ರ ಮಾರ್ಚ್‌ನಲ್ಲಿ ಅಲ್ಲಿಗೆ ಸೇರಿಸಿದರು. ಊರಿನಲ್ಲಿದ್ದ ಪಂಗಡದವರು ನೋಡಲು ಹೋದಾಗ ಒಳಗೆ ಬಿಡಲಿಲ್ಲ. ಏಪ್ರಿಲ್ ಕೊನೆಯಲ್ಲಿ ಆಕೆ ತೀರಿಕೊಂಡಳು. ಚಹಾ ಮತ್ತು ಕಾಫಿ ವ್ಯಾಪಾರಿ ವಿಲಿಯಂ ಟ್ಯೂಕ್ ತನ್ನ ಜನರದೇ ಒಂದು ಮನೆ ಬೇಕೆಂದು 1792ರಲ್ಲಿ ಪಂಗಡದ ಸಭೆಯ ಮುಂದೆ ಪ್ರಸ್ತಾವ ಇಟ್ಟ. ಆಗ ಅವನಿಗೆ ಅರವತ್ತು ವರ್ಷ, ವೈದ್ಯದ ಗಂಧವಿಲ್ಲ. ಹಾಗಾದದ್ದೇ ಒಳ್ಳೆಯದಾಯಿತೆನ್ನಬೇಕು. ಚಂದಾ ಎತ್ತಿ, ಹನ್ನೊಂದು ಎಕರೆ ಜಮೀನು ಕೊಂಡು, ನಾಲ್ಕು ವರ್ಷದಲ್ಲಿ ಮನೆ ಎಬ್ಬಿಸಿದರು. ‘ಹುಚ್ಚಾಸ್ಪತ್ರೆ’ ಎಂಬ ಸೊಲ್ಲೇ ಇಲ್ಲದ ಆ ಹೆಸರನ್ನು ಸೂಚಿಸಿದವಳು ಟ್ಯೂಕ್‌ನ ಸೊಸೆ.

ಕಟ್ಟುವಾಗಿನ ಜಾಣ್ಮೆ ಗಮನಿಸುವಂಥದು. ರೋಗಿಗಳು ಓಡಿಹೋಗದಂತೆ ನೋಡಿಕೊಳ್ಳಬೇಕು, ಸೆರೆಮನೆಯಂತೆ ಕಾಣಲೂಬಾರದು. ಆದ್ದರಿಂದ ಕಿಟಕಿಗಳಿಗೆ ಸರಳು ಹಾಕದೆ ಗಾಜಿನ ಚೌಕಟ್ಟನ್ನೇ ಕಬ್ಬಿಣದಲ್ಲಿ ಮಾಡಿಸಿದರು. ನೋಡಿದವರಿಗೆ ಅದು ಮರದ ಕಿಟಕಿಯೇ. ರಾತ್ರಿ ಅಗುಳಿ ಎಳೆದಾಗ ಸದ್ದಾಗದಂತೆ ಅದಕ್ಕೆ ಚರ್ಮ ಹೊದಿಸಿದರು. 1798ರಲ್ಲಿ ಭೇಟಿಯಿತ್ತ ಜಿನೀವಾದ ವೈದ್ಯ ದ ಲಾ ರೀವ್‌ಗೆ ಅದು ಒಕ್ಕಲುತನದ ದೊಡ್ಡ ಮನೆಯಂತೆ ಕಂಡಿತು.

ಮೊದಲ ವೈದ್ಯ ಥಾಮಸ್ ಫೌಲರ್ ಸಾಮಾನ್ಯನಲ್ಲ. ಪಾಷಾಣದಿಂದ ಮಾಡುವ ‘ಫೌಲರ್ ದ್ರಾವಣ’ ಅವನ ಹೆಸರಿನದೇ. ರಕ್ತ ತೆಗೆಯುವುದು, ಬೊಬ್ಬೆ ಎಬ್ಬಿಸುವ ಪಟ್ಟು, ಭೇದಿ, ಆಗಿನ ಕಾಲಕ್ಕೆ ತಿಳಿದಿದ್ದ ಔಷಧಗಳು, ಎಲ್ಲವನ್ನೂ ಅವನು ಪ್ರಾಮಾಣಿಕವಾಗಿ ಪರೀಕ್ಷಿಸಿದ. ಗುಣ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚೆಂದು ಅಷ್ಟೇ ಪ್ರಾಮಾಣಿಕವಾಗಿ ತೀರ್ಮಾನಿಸಿ ಒಂದೊಂದನ್ನೇ ಕೈಬಿಟ್ಟ. ಉಳಿದದ್ದು ಬಿಸಿನೀರಿನ ಸ್ನಾನ. ಖಿನ್ನತೆಯವರಿಗೆ ಅದರಿಂದ ಹಿತವಾಗುತ್ತಿತ್ತು. ತನ್ನ ವಿದ್ಯೆ ಎಲ್ಲಿ ಮುಗಿಯುತ್ತದೆಂದು ಒಪ್ಪಿಕೊಂಡ ವೈದ್ಯ ಎಲ್ಲ ಕಾಲದಲ್ಲೂ ಅಪರೂಪ. 1801ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಮನೆಯ ಚುಕ್ಕಾಣಿ ಮೇಲ್ವಿಚಾರಕ ಜಾರ್ಜ್ ಜೆಪ್ಸನ್ ಕೈಗೆ ಬಂದಿತ್ತು. ಹೆಣ್ಣುಮಕ್ಕಳ ಕಡೆ ನೋಡಿಕೊಳ್ಳುತ್ತಿದ್ದವಳು ಕ್ಯಾಥರೀನ್ ಆಲನ್. ಮುಂದೆ 1806ರಲ್ಲಿ ಇಬ್ಬರೂ ಮದುವೆಯಾದರು. ರಿಟ್ರೀಟ್‌ನ ಪದ್ಧತಿ ಎಂದು ಹೆಸರಾದದ್ದನ್ನು ದಿನದಿನವೂ ನಡೆಸಿದವರು ಈ ಇಬ್ಬರು.

ರಾತ್ರಿಯೂಟದ ಪ್ರಸಂಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಉನ್ಮಾದದವರಿಗೆ ನಿದ್ದೆ ಬಾರದು. ನಿದ್ದೆಯಿಲ್ಲದೆ ಉನ್ಮಾದ ಇನ್ನೂ ಏರುತ್ತದೆ. ಅಫೀಮು ಕೊಡುವುದು ವಾಡಿಕೆ. ಅದು ಮಲಬದ್ಧತೆ ತರುತ್ತಿತ್ತು, ಹೆಚ್ಚಾದರೆ ಅಪಾಯ. ಉಪವಾಸ ಕೆಡವಿ ಸೊರಗಿಸಿದರೆ ಆರ್ಭಟ ತಗ್ಗುತ್ತದೆ ಎಂಬುದು ವೈದ್ಯರ ಇನ್ನೊಂದು ಮತ. ರಿಟ್ರೀಟ್‌ನಲ್ಲಿ ತೀರ ತಿರುವುಮುರುವಿನ ಯೋಚನೆ ಬಂತು: ಹೊಟ್ಟೆ ಬಿರಿಯೆ ಉಂಡವನಿಗೆ ತೂಕಡಿಕೆ ಬರುತ್ತದಲ್ಲ, ಇವರಿಗೂ ಬಂದೀತು. ಮಾಂಸ ಅಥವಾ ಚೀಸ್, ಬ್ರೆಡ್, ಜೊತೆಗೆ ಪೋರ್ಟರ್ ಎಂಬ ಗಟ್ಟಿ ಬಿಯರು, ಹೀಗೆ ಸಮೃದ್ಧವಾದ ರಾತ್ರಿಯೂಟ ಬಡಿಸಿದರು. ರೋಗಿಗಳು ಮಲಗಿದರು. ಟ್ಯೂಕ್‌ನ ಮೊಮ್ಮಗ ಸ್ಯಾಮ್ಯುಯೆಲ್ 1813ರಲ್ಲಿ ಪ್ರಕಟಿಸಿದ ರಿಟ್ರೀಟ್‌ನ ವರ್ಣನೆಯಲ್ಲಿ ಇದು ದಾಖಲಾಗಿದೆ. ಬಿಯರಿನ ಪಾಲು ಎಷ್ಟು, ಊಟದ ಪಾಲು ಎಷ್ಟು ಎಂದು ಇಂದಿನ ಓದುಗ ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದರೂ ನಿದ್ದೆಗೆಡುವುದು ಉನ್ಮಾದವನ್ನು ಹೆಚ್ಚಿಸುತ್ತದೆ, ನಿದ್ದೆ ಹಿಡಿಸಿದರೆ ಅರ್ಧ ಕೆಲಸವಾಯಿತು ಎಂಬುದು ಇಂದಿನ ಮನೋವೈದ್ಯರೂ ಒಪ್ಪುವ ಮಾತು.

ಹಗಲಿನ ಕ್ರಮ ಸರಳ. ಗಂಡಸರಿಗೆ ತೋಟ, ಹೊಲ. ಹೆಂಗಸರಿಗೆ ಹೊಲಿಗೆ, ಹೆಣಿಗೆ, ಮನೆಗೆಲಸ. ಮೈಬಗ್ಗಿಸಿ ಮಾಡುವ, ಅದರಲ್ಲೂ ಕಣ್ಣು ಕೈ ಎರಡನ್ನೂ ಬೇಡುವ ಕೆಲಸವೇ ಮೇಲು ಎಂದು ಸ್ಯಾಮ್ಯುಯೆಲ್ ಟ್ಯೂಕ್ ಕಂಡುಕೊಂಡಿದ್ದ. ಕೈಗೆ ಕೆಲಸವಿದ್ದಷ್ಟು ಹೊತ್ತು ಮನಸ್ಸು ತನ್ನದೇ ಸಂಕಟವನ್ನು ಮೆಲುಕು ಹಾಕುವುದು ತಪ್ಪುತ್ತಿತ್ತು. ಪರಿಚಾರಕರ ಜೊತೆ ಸುತ್ತಲ ಹೊಲಗಳಿಗೆ, ಕೆಲವೊಮ್ಮೆ ಪಟ್ಟಣಕ್ಕೂ ನಡಿಗೆ. ಅಂಗಳದಲ್ಲಿ ಮೊಲ, ಕೋಳಿ, ಕಡಲಹಕ್ಕಿ, ಗಿಡುಗಗಳನ್ನು ಸಾಕಿದ್ದರು. ಯಾರ ಮೇಲೂ ಮಮತೆ ಉಳಿಯದವರಿಗೂ ಅವುಗಳ ಮೇಲೆ ಹುಟ್ಟುವುದಿತ್ತು. ಆಗಾಗ ಮೇಲ್ವಿಚಾರಕಿ ಹೆಂಗಸರನ್ನು ಚಹಾಕ್ಕೆ ಕರೆಯುತ್ತಿದ್ದಳು. ಕರೆಯ ಮೇಲೆ ಬಂದವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಬಂಧುಗಳ ಮನೆಗೆ ಬಂದವರಂತೆ ಮಾತಾಡಿ, ತಮ್ಮ ಚಿತ್ತವಿಕಾರವನ್ನು ಆ ಹೊತ್ತಿನ ಮಟ್ಟಿಗೆ ಅದುಮಿ ಹಿಡಿಯುತ್ತಿದ್ದರು.

ಆ ಹೊಸ ಮನೆಯ ಮೊದಲ ಗಂಟೆ ಹೇಗಿರುತ್ತಿತ್ತು ಎಂಬುದಕ್ಕೂ ಅದೇ ಪುಸ್ತಕದಲ್ಲಿ ಒಂದು ಉದಾಹರಣೆಯಿದೆ. ಮೂವತ್ತನಾಲ್ಕರ ಆಸುಪಾಸಿನ, ಭೀಮಕಾಯದ ಒಬ್ಬನನ್ನು ಕರೆತಂದರು. ಹಿಂದೆಯೂ ಅವನಿಗೆ ರೋಗ ಬಂದುಹೋಗಿತ್ತು. ಈ ಸಲ ಎಷ್ಟು ಕಾಲ ಸರಪಳಿ ಬಿಗಿದಿದ್ದರೆಂದರೆ, ಕೈಕೋಳ ತೆಗೆಯದೆಯೇ ತೊಡಿಸಿ ಬಿಚ್ಚುವಂತೆ ಅವನ ಬಟ್ಟೆಗೆ ದಾರಗಳನ್ನು ಹೊಲಿದಿದ್ದರು. ಒಳಗೆ ಬರುತ್ತಲೇ ಕೋಳ ಕಳಚಿ, ಮೇಲ್ವಿಚಾರಕರು ರಾತ್ರಿಯೂಟಕ್ಕೆ ಕುಳಿತಿದ್ದ ಕೋಣೆಗೇ ಅವನನ್ನು ಕರೆದೊಯ್ದು, ಕೂತು ಉಣ್ಣು ಎಂದರು. ಅವನು ಮಟ್ಟಸವಾಗಿಯೇ ಉಂಡ. ಆಮೇಲೆ ಜೆಪ್ಸನ್ ಅವನ ಕೋಣೆ ತೋರಿಸಿ, ಎಲ್ಲರಂತೆ ನೆಮ್ಮದಿಯಾಗಿರಬಹುದು, ಬಲ ಬಳಸುವ ಪ್ರಮೇಯ ನೀನೇ ತಾರದಿದ್ದರೆ ಸಾಕು ಎಂಬರ್ಥದ ಮಾತು ಹೇಳಿದ. ನಡುನಡುವೆ ಆರ್ಭಟ ಎದ್ದದ್ದುಂಟು. ಜೆಪ್ಸನ್ ಪಕ್ಕದಲ್ಲಿ ಕುಳಿತು ಮಾತಾಡಿಸುತ್ತಿದ್ದ, ಆರ್ಭಟ ಇಳಿಯುತ್ತಿತ್ತು. ಸುಮಾರು ನಾಲ್ಕು ತಿಂಗಳಲ್ಲಿ ಅವನು ಗುಣವಾಗಿ ಮನೆಗೆ ಹೋದ.

ಇಷ್ಟು ಹೇಳಿ ನಿಲ್ಲಿಸಿದರೆ ರಿಟ್ರೀಟ್ ಸ್ವರ್ಗವಾಗಿಬಿಡುತ್ತದೆ. ಅದು ಹಾಗಿರಲಿಲ್ಲ. ತೀರ ಕೈಮೀರಿದವರಿಗೆ ಚರ್ಮದ ಪಟ್ಟಿ, ಕೈಕಟ್ಟುವ ಅಂಗಿ ಅಲ್ಲೂ ಇತ್ತು; ಒಂಟಿ ಕೋಣೆಯೂ ಇತ್ತು. ಬಂದವರಲ್ಲಿ ಬಹುಮಂದಿ ಒಂದೇ ಪಂಗಡದವರು, ಒಂದೇ ಬಗೆಯ ಶಿಸ್ತಿನಲ್ಲಿ ಬೆಳೆದವರು. ಅಲ್ಲಿನ ದಿನಚರಿ ಅವರಿಗೆ ಹೊಸದೇನಲ್ಲ, ತಪ್ಪಿಹೋಗಿದ್ದ ತಮ್ಮದೇ ಬದುಕು. ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬಂದದ್ದು 1961ರಲ್ಲಿ, ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋನಿಂದ. ಟ್ಯೂಕ್ ಸರಪಳಿ ತೆಗೆದು ಅದರ ಜಾಗದಲ್ಲಿ ಸದಾ ನೋಡುತ್ತಿರುವ ಕಣ್ಣನ್ನೂ, ತಪ್ಪಿತಸ್ಥ ಭಾವವನ್ನೂ ಇಟ್ಟ. ಆ ಚಹಾಕೂಟ ರೋಗಿ ತನ್ನನ್ನು ತಾನೇ ಕಾಯುವಂತೆ ಮಾಡುವ ಪರೀಕ್ಷೆ ಎಂಬುದು ಅವನ ವಾದ. ಮಾತಿನಲ್ಲಿ ಹುರುಳಿದೆ. ಆದರೆ ದಾರ ಹೊಲಿದ ಬಟ್ಟೆಯಲ್ಲಿ ಬಂದವನಿಗೆ ಆ ಕಣ್ಣು ಮತ್ತು ಸರಪಳಿ ಎರಡೂ ಒಂದೇ ಎನಿಸುತ್ತಿತ್ತೇ ಎಂಬುದು ಫೂಕೋ ಕೇಳದೆ ಬಿಟ್ಟ ಪ್ರಶ್ನೆ.

ಇದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಫಿಲಿಪ್ ಪಿನೆಲ್, ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕ ಪ್ಯುಸ್ಸಾಂನಿಂದ ಕಲಿಯುತ್ತಾ, ಇಂಥದೇ ಹಾದಿ ಹಿಡಿದಿದ್ದ. 1801ರಲ್ಲಿ ಬಂದ ತನ್ನ ಗ್ರಂಥದಲ್ಲಿ ಅವನು ಸ್ಪೇನಿನ ಸರಗೋಸಾ ಆಸ್ಪತ್ರೆಯ ಸಂಗತಿ ಹೇಳುತ್ತಾನೆ. ಬೆಳಗಾದರೆ ಹೊಲಕ್ಕೆ ಹೊರಡುವ ಬಡ ರೋಗಿಗಳು ಗುಣವಾಗುತ್ತಿದ್ದರು; ದುಡಿಮೆ ತಮ್ಮ ಅಂತಸ್ತಿಗೆ ಕಡಿಮೆಯೆಂದು ಕೂತ ಶ್ರೀಮಂತರಿಗೆ ಆ ಭಾಗ್ಯ ಅಪರೂಪ.

ಸ್ಯಾಮ್ಯುಯೆಲ್ ಟ್ಯೂಕ್‌ನ ಪುಸ್ತಕ ಬಂದ ವರ್ಷವೇ ಹಳೆಯ ಯಾರ್ಕ್ ಆಸ್ಪತ್ರೆಯ ಹುಳುಕೂ ಹೊರಬಿತ್ತು. ನ್ಯಾಯಾಧಿಕಾರಿ ಗಾಡ್‌ಫ್ರಿ ಹಿಗಿನ್ಸ್ ಬೆನ್ನು ಹತ್ತಿ, 1814ರಲ್ಲಿ ಮುಚ್ಚಿಟ್ಟಿದ್ದ ಬಾಗಿಲುಗಳನ್ನು ತೆರೆಸಿ, ಮಲ ಮೆತ್ತಿದ ಗೂಡುಗಳಲ್ಲಿ ಹೆಂಗಸರನ್ನು ತುಂಬಿದ್ದನ್ನು ಕಣ್ಣಾರೆ ಕಂಡ. ಮರುವರ್ಷ ಸಂಸತ್ತಿನ ಸಮಿತಿ ಕುಳಿತಾಗ ಎಂಬತ್ತು ದಾಟಿದ್ದ ವಿಲಿಯಂ ಟ್ಯೂಕ್ ಸಾಕ್ಷಿ ಹೇಳಿದ. ರಿಟ್ರೀಟ್ ಮಾದರಿಯಾಯಿತು. ಅಮೆರಿಕದ ಕ್ವೇಕರರು ಫಿಲಡೆಲ್ಫಿಯಾದ ಬಳಿ 1817ರಲ್ಲಿ ಇಂಥದೇ ಆಸ್ಪತ್ರೆ ತೆರೆದರು. ಲಂಡನ್ ಹತ್ತಿರದ ಹ್ಯಾನ್‌ವೆಲ್‌ನಲ್ಲಿ 1831ರಿಂದ ವಿಲಿಯಂ ಎಲ್ಲಿಸ್, ಬಡ ರೋಗಿಗಳಿಂದ ತೋಟ, ಬ್ರೆಡ್ ಮನೆ, ಮರಗೆಲಸ ನಡೆಸಿದ. ಅವನ ಹೆಂಡತಿ ಮಿಲ್ಡ್ರೆಡ್ ಹೆಂಗಸರ ಹೊಲಿಗೆಯನ್ನು ಮಾರಲು ಸಂತೆಯನ್ನೇ ಹೂಡಿದಳು. ಅಲ್ಲಿಯೇ 1839ರಲ್ಲಿ ಜಾನ್ ಕಾನಲಿ, ಎಂಟುನೂರರಷ್ಟು ರೋಗಿಗಳಿದ್ದ ಆಸ್ಪತ್ರೆಯಲ್ಲಿ, ಕೈಕಾಲು ಕಟ್ಟುವುದನ್ನೇ ನಿಲ್ಲಿಸಿದ.

ಕೆಟ್ಟದ್ದು ಇಲ್ಲಿಂದ ಮುಂದೆ, ಗೆದ್ದ ಕಾರಣದಿಂದಲೇ. ಪ್ರತಿ ಜಿಲ್ಲೆಗೂ ಇಂಥ ಆಸ್ಪತ್ರೆ ಕಡ್ಡಾಯವೆಂದು 1845ರಲ್ಲಿ ಕಾನೂನಾಯಿತು. 1851ರಲ್ಲಿ ತೆರೆದ ಕೋಲ್ನಿ ಹ್ಯಾಚ್ ಆಸ್ಪತ್ರೆ ಮೊದಲೇ ಸಾವಿರದ ಮೇಲೆ ಮಂದಿಗೆ ಕಟ್ಟಿದ್ದು, ಮುಂದೆ ಎರಡು ಸಾವಿರವನ್ನೂ ಮೀರಿತು. ಮೂವತ್ತು ಮಂದಿಯ ಮನೆಯಲ್ಲಿ ಪ್ರತಿಯೊಬ್ಬರ ಹೆಸರು, ಕಸುಬು, ಇಷ್ಟಾನಿಷ್ಟ ಜೆಪ್ಸನ್‌ಗೆ ಗೊತ್ತಿತ್ತು. ಎರಡು ಸಾವಿರ ಮಂದಿಯ ನಡುವೆ ಗಂಟೆಯೊಂದೇ ಗೊತ್ತು. ಏಳುವುದು, ತಿನ್ನುವುದು, ಅಂಗಳದಲ್ಲಿ ಸುತ್ತುವುದು, ದೀಪ ಆರುವುದು ಎಲ್ಲವೂ ಮೊದಲಿನ ಪಟ್ಟಿಯವೇ. ಆದರೆ ತೋಟದ ಕೆಲಸಕ್ಕೆ ಯಾರನ್ನು ಕಳಿಸಬೇಕೆಂಬುದನ್ನು ಈಗ ರೋಗಿಗೆ ಏನು ಹಿತವೆಂಬುದಕ್ಕಿಂತ ಅಡುಗೆಮನೆಗೆ ಎಷ್ಟು ಆಲೂಗಡ್ಡೆ ಬೇಕೆಂಬುದು ನಿರ್ಧರಿಸುತ್ತಿತ್ತು. ಚೆನ್ನಾಗಿ ದುಡಿಯುವ ರೋಗಿಯನ್ನು ಮನೆಗೆ ಕಳಿಸಲು ಆಸ್ಪತ್ರೆಗೆ ಮನಸ್ಸಾಗದು ಎಂಬ ದೂರು ಹಲವು ದೇಶಗಳಲ್ಲಿ ಕೇಳಿಬಂತು.

ಮನೋರೋಗಿಗಳ ಆಸ್ಪತ್ರೆ ಬ್ರಿಟಿಷರೊಡನೆ ಭಾರತಕ್ಕೂ ಬಂದಿತ್ತು. ಮದರಾಸಿನಲ್ಲಿ 1794ರಲ್ಲೇ ಒಂದು ತೆರೆದಿತ್ತು. ಬೆಂಗಳೂರಿಗೆ 1840ರ ದಶಕದ ಕೊನೆಯಲ್ಲಿ ಬಂತು. ನೇಯ್ಗೆ, ತೋಟ, ಗಾಣದ ಕೆಲಸಗಳು ಇಲ್ಲಿನ ಆಸ್ಪತ್ರೆಗಳಲ್ಲೂ ನಡೆದವು. ವಾರ್ಷಿಕ ವರದಿಗಳಲ್ಲಿ ಅವುಗಳಿಂದ ಬಂದ ಆದಾಯಕ್ಕೆ ಅಂಕಣವೇ ಇರುತ್ತಿತ್ತು. ಚಿಕಿತ್ಸೆಯೆಂದೇ ಯೋಜಿಸಿದ ಕೆಲಸ ಕಾಣಿಸಿಕೊಂಡದ್ದು 1922ರಲ್ಲಿ, ರಾಂಚಿಯ ಯುರೋಪಿಯನ್ನರ ಆಸ್ಪತ್ರೆಯಲ್ಲಿ, ಓವೆನ್ ಬರ್ಕ್ಲಿ-ಹಿಲ್ ಕಾಲದಲ್ಲಿ. ಬೆಂಗಳೂರಿನ ಆಸ್ಪತ್ರೆಗೆ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೊಸ ಹೆಸರು ಸಿಕ್ಕಿತು. ಮುಂದಿನ ದಶಕದಲ್ಲಿ ಅದು ಹೊಸೂರು ರಸ್ತೆಯ ಪಕ್ಕದ ವಿಶಾಲ ಆವರಣಕ್ಕೆ ಹೋಯಿತು. ಹೆಸರು ಏನೇ ಬದಲಾದರೂ ಊರವರ ಬಾಯಲ್ಲಿ ಅದು ಬಹುಕಾಲ ಹುಚ್ಚಾಸ್ಪತ್ರೆಯೇ.

ಅಷ್ಟರಲ್ಲಿ ಅಮೆರಿಕದಲ್ಲಿ ಹಳೆಯ ವಿಚಾರ ಹೊಸ ಭಾಷೆಯಲ್ಲಿ ತಲೆಯೆತ್ತಿತ್ತು. ಜಾನ್ಸ್ ಹಾಪ್ಕಿನ್ಸ್‌ನ ಮನೋವೈದ್ಯ ಅಡಾಲ್ಫ್ ಮೇಯರ್ 1922ರ ಲೇಖನವೊಂದರಲ್ಲಿ ಮನೋರೋಗವನ್ನು ಬದುಕಿನ ಲಯ ತಪ್ಪಿದ ಸ್ಥಿತಿಯಾಗಿ ನೋಡಿದ. ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ನಡುವಿನ ಹದ ಮಾತಿನಿಂದ ಬರುವುದಲ್ಲ, ಮಾಡಿಯೇ ಬರಬೇಕು ಎಂದ. ಅವನ ಜೊತೆ ದುಡಿದಿದ್ದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಇದನ್ನು ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಗಳಿಗೆ ‘ಅಭ್ಯಾಸ ತರಬೇತಿ’ ಎಂಬ ಹೆಸರಿನಲ್ಲಿ ಒಯ್ದಳು. ವರ್ಷಗಟ್ಟಲೆ ಮೂಲೆಯಲ್ಲಿ ಮುದುಡಿ ಕೂತು, ಮೈಮೇಲಿನ ಬಟ್ಟೆಯ ಎಚ್ಚರವೂ ಇಲ್ಲದ ರೋಗಿಗಳನ್ನು ಸಣ್ಣ ಗುಂಪು ಮಾಡಿ, ಮುಖ ತೊಳೆಯುವುದರಿಂದ ಹಿಡಿದು ಇಪ್ಪತ್ತನಾಲ್ಕು ಗಂಟೆಯನ್ನೂ ಒಬ್ಬ ದಾದಿಯ ಜೊತೆ ಮರಳಿ ಕಲಿಸುವ ಕ್ರಮವದು. ಆಕ್ಯುಪೇಷನಲ್ ಥೆರಪಿ ಎಂಬ ವೃತ್ತಿ ಅಮೆರಿಕದಲ್ಲಿ ಬೇರೂರಿದ್ದು ಈ ಕಾಲದಲ್ಲಿ.

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ಫಲ ಕಂಡ ಮೇಲೆ ಗಮನವೆಲ್ಲ ಮಾತ್ರೆಯತ್ತ ತಿರುಗಿತು. ತಿರುಗಬೇಕಾದದ್ದೇ, ಊಟ ನಡಿಗೆಗಳಿಂದ ಅಲುಗದ ರೋಗವನ್ನು ಅದು ಅಲುಗಿಸಿತು. ಆದರೆ ಮಾತ್ರೆ ನುಂಗಿ ಕುಳಿತಲ್ಲೇ ಕುಳಿತವರ ಪಾಡೇನು? ಇಂಗ್ಲೆಂಡಿನ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ 1960ರಿಂದ 1968ರವರೆಗೆ ಮೂರು ಆಸ್ಪತ್ರೆಗಳಲ್ಲಿ ಸ್ಕಿಝೋಫ್ರೀನಿಯಾ ಇದ್ದ ಹೆಂಗಸರನ್ನು ಗಮನಿಸಿದರು. ಯಾರ ಬಳಿ ಸ್ವಂತ ಬಾಚಣಿಗೆ, ಕನ್ನಡಿ ಇದೆ, ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಎಂಬಂಥವನ್ನೂ ಲೆಕ್ಕ ಇಟ್ಟರು. ಸುಧಾರಣೆಯ ಜೊತೆ ಎಲ್ಲಕ್ಕಿಂತ ಬಿಗಿಯಾಗಿ ಹೊಂದಿದ ಅಂಶ, ಏನೂ ಮಾಡದೆ ಕಳೆಯುವ ಹೊತ್ತು ಕಡಿಮೆಯಾದದ್ದು.

ಖಿನ್ನತೆಯ ಮಟ್ಟಿಗೆ ವ್ಯಾಯಾಮವನ್ನು ಮಾತ್ರೆಯೊಡನೆ ತೂಗಿ ನೋಡಿದ ಹೆಸರಾಂತ ಪ್ರಯೋಗ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ್ದು, 1999ರಲ್ಲಿ ಪ್ರಕಟವಾಯಿತು. ಐವತ್ತು ದಾಟಿದ 156 ಮಂದಿಯಲ್ಲಿ ಕೆಲವರಿಗೆ ವಾರಕ್ಕೆ ಮೂರು ಸಲ ಬಿರುನಡಿಗೆ ಅಥವಾ ಓಟ, ಕೆಲವರಿಗೆ ಸರ್ಟ್ರಲೀನ್ ಮಾತ್ರೆ, ಕೆಲವರಿಗೆ ಎರಡೂ. ಮಾತ್ರೆ ಬೇಗ ಕೆಲಸ ಮಾಡಿತು. ಹದಿನಾರು ವಾರಗಳ ಕೊನೆಗೆ ಮೂರು ಗುಂಪೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ವ್ಯಾಯಾಮದವರು ಅದನ್ನು ಗುಂಪಿನಲ್ಲೇ ಮಾಡಿದವರಾದ್ದರಿಂದ ಓಟದ ಪಾಲೆಷ್ಟು, ಒಡನಾಟದ ಪಾಲೆಷ್ಟು ಎಂಬ ಪ್ರಶ್ನೆ ಮಾತ್ರ ಉಳಿಯಿತು. ರಿಟ್ರೀಟ್‌ನ ರಾತ್ರಿಯೂಟಕ್ಕೂ ಕೇಳಬಹುದಾದ ಪ್ರಶ್ನೆಯೇ ಅದು.

ಬೆಂಗಳೂರಿನ ಆಸ್ಪತ್ರೆ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಪಾಶ್ಚಾತ್ಯ ಮಾದರಿಯಲ್ಲಿ ಇಲ್ಲದ ಒಂದನ್ನು ಭಾರತದ ಆಸ್ಪತ್ರೆಗಳು ಈ ನಡುವೆ ಸೇರಿಸಿದ್ದವು: ಮನೆಯವರು. ಅಮೃತಸರದಲ್ಲಿ ವಿದ್ಯಾ ಸಾಗರ್ 1950ರ ದಶಕದಲ್ಲಿ ರೋಗಿಯ ಕುಟುಂಬವನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡರು. ತಾಯಿಯೋ ಗಂಡನೋ ಜೊತೆಗಿದ್ದರೆ ಊಟ, ಸ್ನಾನ, ನಿದ್ದೆಯ ಕ್ರಮ ಆಸ್ಪತ್ರೆಯಲ್ಲಿ ಕಲಿತು ಅಲ್ಲೇ ಬಿಟ್ಟುಹೋಗುವುದಾಗದೆ ಮನೆಗೂ ಬರುತ್ತಿತ್ತು. ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ವಾರ್ಡು ಬಂತು. ಪುನರ್ವಸತಿ ವಿಭಾಗದಲ್ಲಿ ಬೇಕರಿ, ನೇಯ್ಗೆ, ಮರಗೆಲಸ, ಮೇಣದಬತ್ತಿಯ ಕೆಲಸಗಳು ನಡೆದವು.

ಉಸಿರಾಟದ ಅಭ್ಯಾಸವನ್ನು ಚಿಕಿತ್ಸೆಗೆ ಹೋಲಿಸಿ ಅಳೆದ ಮೊದಮೊದಲ ಪ್ರಯತ್ನಗಳಲ್ಲೊಂದು ನಡೆದದ್ದೂ ಇಲ್ಲಿಯೇ. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ್ದ 45 ಮಂದಿಯನ್ನು ಮೂರು ಪಾಲು ಮಾಡಿ, ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮೀನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಪ್ರಾಣಾಯಾಮ ಕೊಟ್ಟ ಅಧ್ಯಯನವದು, 2000ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ಚೇತರಿಸಿಕೊಂಡವರು ಕ್ರಮವಾಗಿ ಶೇಕಡಾ 93, 73 ಮತ್ತು 67. ಪ್ರಾಣಾಯಾಮ ಮಾತ್ರೆಗೆ ಸಮೀಪ ಬಂತು, ವಿದ್ಯುತ್ ಚಿಕಿತ್ಸೆಯನ್ನು ಮುಟ್ಟಲಿಲ್ಲ. ಹದಿನೈದು ಹದಿನೈದು ಮಂದಿಯ ಗುಂಪು ಚಿಕ್ಕದು, ಇದರ ಮೇಲೆ ದೊಡ್ಡ ಮಾತು ಆಡುವಂತಿಲ್ಲ. ಯೋಗವನ್ನು ಉಳಿದ ಚಿಕಿತ್ಸೆಯ ಜೊತೆಗಿಟ್ಟು ಅಳೆಯುವ ಕೆಲಸ ಆ ಸಂಸ್ಥೆಯಲ್ಲಿ ಮುಂದೆಯೂ ಸಾಗಿತು. ಅದಕ್ಕೆಂದೇ ಅಲ್ಲಿ ಒಂದು ಕೇಂದ್ರವೂ ಆಯಿತು.